ಕಿತ್ತಳೆ ಸಿಪ್ಪೆಯ ಬಣ್ಣ

ಯಾದಗಿರಿಯಿಂದ ಒಬ್ಬ ಗೃಹಸ್ಥರು ನಮಗೆ ದೀರ್ಘವಾದ ಪತ್ರವೊಂದನ್ನು ಬರೆದಿರುವರು. ಹದಿನೈದು ದಿವಸಗಳ ಕೆಳಗೆ ಅವರು ಹೊಸ ಮೋಟಾರು ಗಾಡಿಯನ್ನು ಕೊಂಡರಂತೆ, ಕಪ್ಪು ಬಣ್ಣದ್ದು. ಪೂಜೆಯಾಯಿತು, ಗಾಲಿಗಳ ಕೆಳಗೆ ನಿಂಬೆಯ ಹಣ್ಣನ್ನಿಟ್ಟು ಹಾಯಿಸಿದ್ದಾಯಿತು, ಓಣಿಗೆಲ್ಲ ಪೇಢೆ ಹಂಚಿದ್ದಾಯಿತು. ಮೂರನೆಯ ದಿನ ರಾತ್ರಿ ಪಡಸಾಲೆಯ ಟ್ಯೂಬ್ ಲೈಟಿನ ಬಿಂಬವು ಗಾಡಿಯ ಬಾಗಿಲ ಮೇಲೆ ಬಿದ್ದಿತ್ತು. ನೆಟ್ಟಗೆ ಕಾಣಬೇಕಾದ ದೀಪವು ಹಾವಿನಂತೆ ಹೊರಳಿ, ಅಂಚು ಹರಿದಂತೆ ತೋರಿತು. ಸಮೀಪಕ್ಕೆ ಹೋಗಿ ನೋಡಿದರೆ ಬಣ್ಣದ ಮೈತುಂಬ ಸಣ್ಣ ಸಣ್ಣ ಕುಳಿಗಳು. ಥೇಟು ಕಿತ್ತಳೆ ಹಣ್ಣಿನ ಸಿಪ್ಪೆ. ಮಾರಿದವರನ್ನು ವಿಚಾರಿಸಲು ‘ಕಾರ್ಖಾನೆಯಿಂದ ಬರುವುದೇ ಹೀಗೆ’ ಎಂದರು. ಭಾವಮೈದುನನು ‘ನಿಮಗೆ ಮೋಸವಾಗಿದೆ, ಎಲ್ಲಿಯೋ ಬಡಿದ ಗಾಡಿಗೆ ಬಣ್ಣ ಬಳಿದು ಕೊಟ್ಟಿದ್ದಾರೆ’ ಎಂದನು. ಪೇಟೆಯ ಬಣ್ಣಗಾರನೊಬ್ಬನು ‘ವಾಟರ್ ಪೇಪರ್ ಹಾಕಿ ಉಜ್ಜಿ ಎರಡು ದಿನದಲ್ಲಿ ಕನ್ನಡಿ ಮಾಡಿಕೊಡುವೆ’ ಎಂದು ಮುಂಗಡ ಕೇಳಿದನು. ಈ ಮೂವರಲ್ಲಿ ಯಾರ ಮಾತನ್ನು ನಂಬಬೇಕೆಂಬುದೇ ಅವರ ಪ್ರಶ್ನೆ.

ಸುರಪುರದ ಶಾಲೆಯಲ್ಲಿ ವರ್ಷಗಟ್ಟಲೆ ಶಬ್ದರೂಪಗಳನ್ನೂ ಅಮರಕೋಶವನ್ನೂ ಬಾಯಿಪಾಠ ಮಾಡಿಸಿ, ಈಗ ಶಹಾಪುರದ ಮನೆಯಲ್ಲಿ ವಿಶ್ರಾಂತರಾಗಿರುವ ನಮಗೂ ಮೋಟಾರಿನ ಬಣ್ಣಕ್ಕೂ ಏನು ಸಂಬಂಧವೆಂದು ವಾಚಕರು ನಗಬಹುದು. ಸಂಬಂಧವುಂಟು. ಈ ವಿಷಯದಲ್ಲಿ ನಮಗಿರುವ ಅಲ್ಪಜ್ಞಾನವನ್ನು ನಾವು ಬೆಲೆ ಕೊಟ್ಟು ಕೊಂಡಿರುವೆವು. ಆ ಬೆಲೆಯನ್ನು ತೆತ್ತವರು ಮಾತ್ರ ನಾವಲ್ಲ; ಅದನ್ನು ಮುಂದೆ ಹೇಳುವೆವು.

ಮೊದಲು ಹೆಸರಿನ ವಿಚಾರ. ಈ ದೋಷವನ್ನು ಇಂಗ್ಲಿಷಿನವರು ‘ಆರೆಂಜ್ ಪೀಲ್’ ಎಂದು ಕರೆಯುವರು. ಆ ಆರೆಂಜು ಮತ್ತಾವುದೂ ಅಲ್ಲ, ನಮ್ಮ ಸಂಸ್ಕೃತದ ನಾರಂಗವೇ. ಅದು ಪಾರಸಿಯಲ್ಲಿ ನಾರಂಗ್ ಆಗಿ, ಅರಬ್ಬಿಯಲ್ಲಿ ನಾರಂಜ್ ಆಗಿ, ಸ್ಪೇನಿನವರ ಬಾಯಲ್ಲಿ ನಾರಾಂಹ ಆಗಿ, ಫ್ರೆಂಚರ ಹತ್ತಿರ ಮೊದಲಿನ ನಕಾರವನ್ನೇ ಕಳೆದುಕೊಂಡು ಇಂಗ್ಲೆಂಡಿಗೆ ಹೋಯಿತು. ನಾರಂಗ ಶಬ್ದದ ಮೂಲವು ದ್ರಾವಿಡವೆಂದು ಹೇಳುವ ವಿದ್ವಾಂಸರೂ ಉಂಟು. ನಮ್ಮ ಸೀಮೆಯ ಸಂತೆಯಲ್ಲಿ ಮಾತ್ರ ಅದು ಸಂತ್ರಿ. ಹಣ್ಣು ಊರೂರು ತಿರುಗಿ ಬಂದಂತೆ ಅದರ ಸಿಪ್ಪೆಯೂ ಈಗ ನಮ್ಮ ಮನೆಯ ಮುಂದೆ ಬಂದು ನಿಂತಿರುವುದು.

ಇನ್ನು ಕಾರ್ಖಾನೆಯೊಳಗೆ ಗಾಡಿಗೆ ಬಣ್ಣ ಕೊಡುವ ಕ್ರಮವನ್ನು ನೋಡೋಣ. ನೂಲನ್ನು ಬಣ್ಣದ ಬಾನಿಯಲ್ಲಿ ಅದ್ದುವಂತೆ, ತೊಳೆದ ಉಕ್ಕಿನ ಮೈಯನ್ನು ಇಡಿಯಾಗಿ ಒಂದು ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ತನ್ನು ಹರಿಯಿಸುವರು. ತುಕ್ಕು ತಡೆಯುವ ಮೊದಲ ಲೇಪವು ಸಂದುಗೊಂದುಗಳಿಗೆಲ್ಲ ಅಂಟಿಕೊಳ್ಳುವುದು. ಇದರ ದಪ್ಪ ಸುಮಾರು ೨೦ ಮೈಕ್ರಾನು. ಮೈಕ್ರಾನೆಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು. ಇದನ್ನು ಕುಲುಮೆಯಲ್ಲಿ ಬೇಯಿಸಿದ ಮೇಲೆ ಅಸ್ತರಿನ ಲೇಪ, ಸುಮಾರು ೩೦ ಮೈಕ್ರಾನು. ಅದರ ಮೇಲೆ ನಾವು ಕಣ್ಣಿನಿಂದ ಕಾಣುವ ವರ್ಣ, ಕೇವಲ ೧೫ರ ಆಸುಪಾಸು. ಎಲ್ಲಕ್ಕೂ ಮೇಲೆ ನೀರಿನಂತೆ ನಿರ್ವರ್ಣವಾದ, ಹೊಳಪು ಕೊಡುವ ಲೇಪವೊಂದುಂಟು. ಇದನ್ನೇ ಕ್ಲಿಯರ್ ಕೋಟ್ ಎನ್ನುವರು, ಸುಮಾರು ೪೦ ಮೈಕ್ರಾನು. ಕಾರ್ಖಾನೆಯಿಂದ ಕಾರ್ಖಾನೆಗೆ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೂ ಎಲ್ಲ ಸೇರಿ ನೂರು, ನೂರಿಪ್ಪತ್ತು, ನೂರಮೂವತ್ತರೊಳಗೆ ಮುಗಿಯುವುದು. ದಿನಪತ್ರಿಕೆಯ ಎರಡು ಹಾಳೆಗಳನ್ನು ಒಂದರ ಮೇಲೊಂದು ಇಟ್ಟರೆ ಅದಕ್ಕಿಂತ ದಪ್ಪವಾದೀತು. ಲಕ್ಷಗಟ್ಟಲೆ ರೂಪಾಯಿಯ ಗಾಡಿಯ ಚೆಲುವೆಲ್ಲ ನಿಂತಿರುವುದು ಅಷ್ಟರ ಮೇಲೆ.

ಈ ಲೇಪಗಳನ್ನು ಕುಂಚದಿಂದ ಬಳಿಯುವುದಿಲ್ಲ. ನಿಮಿಷಕ್ಕೆ ಮೂವತ್ತು ನಾಲ್ವತ್ತು ಸಾವಿರ ಸುತ್ತು ತಿರುಗುವ ಗಂಟೆಯಾಕಾರದ ಬಟ್ಟಲಿನಿಂದ ಬಣ್ಣವು ಮಂಜಿನಂತೆ ಸಿಡಿದು ಹನಿಹನಿಯಾಗಿ ಮೈಮೇಲೆ ಕೂಡುವುದು. ಹನಿಗಳು ಒಂದಕ್ಕೊಂದು ಕೂಡಿ, ಹರಿದು, ಸಮನಾಗಬೇಕು. ಸಮನಾಗುವುದಕ್ಕೆ ಮೊದಲೇ ದ್ರಾವಕವು ಆವಿಯಾಗಿ ಬಣ್ಣವು ಬಿಗಿದರೆ, ಹನಿಗಳ ಏರಿಳಿತವು ಹಾಗೆಯೇ ಉಳಿಯುವುದು. ಅದೇ ಸಿಪ್ಪೆ. ಬಣ್ಣವು ಗಟ್ಟಿಯಾಗಿದ್ದರೆ, ಹನಿ ದೊಡ್ಡದಾಗಿದ್ದರೆ, ಗಾಳಿ ಬಿಸಿಯಾಗಿದ್ದರೆ, ಲೇಪವು ತೀರ ತೆಳ್ಳಗಾಗಿದ್ದರೆ ಅದು ಹೆಚ್ಚುವುದು.

ನೆಲ ಸಾರಿಸಿದ ಕೈಯುಳ್ಳ ನಮ್ಮ ವಾಚಕಿಯರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಸಗಣಿಯ ನೀರು ಹದವಾಗಿದ್ದರೆ ಬೆರಳ ಗೆರೆಗಳು ತಾವಾಗಿಯೇ ಕೂಡಿಕೊಳ್ಳುವುವು. ಗಟ್ಟಿಯಾದರೆ ಐದು ಬೆರಳೂ ನೆಲದ ಮೇಲೆ ಒಣಗಿ ನಿಲ್ಲುವುವು. ನೆಲಕ್ಕಾದರೆ ಧಾರಾಳವಾಗಿ ಸುರಿಯಬಹುದು. ಗೋಡೆಗೆ ಸುಣ್ಣ ಹೊಡೆಯುವಾಗ ಹಾಗೆ ಮಾಡಿದರೆ ಸೋರಿ ಕಣ್ಣೀರಿಟ್ಟಂತೆ ಇಳಿಯುವುದು. ಗಾಡಿಯ ಬಾಗಿಲುಗಳು ಗೋಡೆಯ ಜಾತಿಯವು, ಬಾನೆಟ್ಟೂ ಮಾಡೂ ನೆಲದ ಜಾತಿಯವು. ಆದಕಾರಣ ಬಾಗಿಲಿಗೆ ಬಣ್ಣ ಸೋರದಂತೆ ಅಂಜಿ ಅಂಜಿ ಕೊಡಬೇಕಾಗುವುದು. ಸಿಪ್ಪೆಯು ಅಲ್ಲಿ ಹೆಚ್ಚು ಕಾಣುವುದು. ಬಾಗಿಲಿನ ಮೈಯೇ ಬೇರೆ, ಬಾನೆಟ್ಟಿನ ಮೈಯೇ ಬೇರೆ ಎಂದ ಮಾತ್ರಕ್ಕೆ ಮೋಸವಾಗಿದೆಯೆಂದು ತೀರ್ಮಾನಿಸಲಾಗದು. ಪತ್ರ ಬರೆದವರ ಭಾವಮೈದುನನು ಇದನ್ನು ಗಮನಿಸತಕ್ಕದ್ದು.

ಇದರಲ್ಲಿ ಒಂದು ಗಣಿತವೂ ಉಂಟು. ೧೯೬೨ರ ಸುಮಾರಿಗೆ ಆರ್ಚರ್ಡ್ ಎಂಬ ವಿಜ್ಞಾನಿಯು ಹಸಿಯ ಬಣ್ಣದ ಅಲೆಗಳು ಎಷ್ಟು ಹೊತ್ತಿನಲ್ಲಿ ಸಮವಾಗುವುವೆಂದು ಲೆಕ್ಕ ಹಾಕಿ ತೋರಿಸಿದನು. (ಆ ಹೆಸರಿಗೆ ಇಂಗ್ಲಿಷಿನಲ್ಲಿ ಹಣ್ಣಿನ ತೋಟವೆಂದೇ ಅರ್ಥ, ಸಿಪ್ಪೆಯ ಲೆಕ್ಕವನ್ನು ತೋಟವೇ ಮಾಡಿತೆಂದು ನಾವು ಒಂದು ಸಂಜೆಯೆಲ್ಲ ನಕ್ಕೆವು.) ಅಲೆಯ ಅಗಲವು ಎರಡು ಪಟ್ಟಾದರೆ ಸಮನಾಗಲು ಹದಿನಾರು ಪಟ್ಟು ಹೊತ್ತು ಬೇಕು. ಲೇಪದ ದಪ್ಪವು ಅರ್ಧವಾದರೆ ಎಂಟು ಪಟ್ಟು ಹೊತ್ತು ಬೇಕು. ಅಂದರೆ ಸಣ್ಣ ಸುಕ್ಕುಗಳು ಬೇಗ ಅಳಿಯುವುವು, ಅಗಲವಾದ ಅಲೆಗಳು ಕುಲುಮೆಯ ಬಾಗಿಲವರೆಗೂ ಉಳಿದುಬರುವುವು. ತೆಳ್ಳಗೆ ಬಳಿದಷ್ಟೂ ಈ ಕಷ್ಟ ಹೆಚ್ಚು. ಮಾರಿದವರು ‘ಬರುವುದೇ ಹೀಗೆ’ ಎಂದದ್ದು ಜಾರಿಕೊಳ್ಳುವ ಮಾತಿನಂತೆ ಕೇಳಿದರೂ ಬಹುಮಟ್ಟಿಗೆ ನಿಜ. ಬೆಲೆಬಾಳುವ ಗಾಡಿಗಳಲ್ಲಿಯೂ ಇದು ಅಷ್ಟಿಷ್ಟು ಇದ್ದೇ ಇರುವುದು. ಬಿಳಿಯ ಗಾಡಿ ಬಚ್ಚಿಡುವುದು, ಕರಿಯ ಗಾಡಿ ಹೊರಗೆಡಹುವುದು. ದೊಡ್ಡ ಕಾರ್ಖಾನೆಗಳಲ್ಲಿ ಈ ಅಲೆಗಳನ್ನು ಬೆಳಕಿನಿಂದ ಅಳೆದು ಇಷ್ಟರೊಳಗಿದ್ದರೆ ಸರಿಯೆಂದು ಸಾಗಿಸುವ ಯಂತ್ರಗಳೇ ಇವೆ.

‘ಹಿಂದಿನ ಕಾಲದ ಮೋಟಾರುಗಳು ಕನ್ನಡಿಯಂತಿದ್ದುವಲ್ಲ’ ಎಂದು ಹಿರಿಯರು ಕೇಳುವರು. ಹೌದು. ೧೯೨೦ರ ದಶಕದಲ್ಲಿ ಬೇಗ ಒಣಗುವ ಸೆಲ್ಯುಲೋಸ್ ಬಣ್ಣ ಬರುವವರೆಗೆ ಒಂದು ಗಾಡಿಗೆ ವಾರ್ನಿಷು ಕೊಡಲು ವಾರಗಟ್ಟಲೆ ಹಿಡಿಯುತ್ತಿತ್ತು. ಒಂದೊಂದು ಲೇಪಕ್ಕೂ ಕೈಯಿಂದ ಉಜ್ಜುವರು, ಮತ್ತೆ ಬಳಿಯುವರು, ಮತ್ತೆ ಉಜ್ಜುವರು. ನುಣುಪನ್ನು ತಳದಿಂದ ಕಟ್ಟಿಕೊಂಡು ಬರುತ್ತಿದ್ದರು. ಈ ಮಾತು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರ ಬರೆಯುವ ಗೋಡೆಯನ್ನು ಸಿದ್ಧಪಡಿಸುವ ವಿಧಾನವು ಹೇಳಲ್ಪಟ್ಟಿದೆ. ಎಮ್ಮೆಯ ತೊಗಲನ್ನು ನೀರಿನಲ್ಲಿ ಬೆಣ್ಣೆಯಂತಾಗುವವರೆಗೆ ಕುದಿಸಿ ವಜ್ರಲೇಪವೆಂಬ ಅಂಟನ್ನು ಮಾಡಿ, ಅದನ್ನು ಬಿಳಿಯ ಮಣ್ಣಿನೊಡನೆ ಕಲಸಿ, ಒಣಗಿದ ಗೋಡೆಗೆ ಮೂರು ಸಲ ಬಳಿಯಬೇಕು. ನುಣುಪು ಬಂದಮೇಲೆಯೇ ಚಿತ್ರ. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಕಿರುಚಿತ್ರಗಳ ಹೆಸರನ್ನು ನಮ್ಮ ಜಿಲ್ಲೆಯವರೆಲ್ಲರೂ ಕೇಳಿರುವರು. ಭಾರತದ ಕಿರುಚಿತ್ರಗಾರರಲ್ಲಿಯೂ ಕಾಗದವನ್ನು ಅಕೀಕಿನ ಕಲ್ಲಿನಿಂದ ತಿಕ್ಕಿ ನುಣುಪುಗೊಳಿಸುವ ಪದ್ಧತಿಯುಂಟು. ತಿಕ್ಕುವುದು ಮೊದಲು, ಬಣ್ಣ ಆಮೇಲೆ. ಇಟಗಿಯ ಮಹಾದೇವ ದೇವಾಲಯವು ೧೧೧೨ರದು. ಅದರ ಕಂಬಗಳನ್ನು ಹೊಳೆಯುವಂತೆ ತಿಕ್ಕಿದ್ದಾರೆ, ದಿಟ. ಆದರೆ ಅದು ಕಲ್ಲು. ಎಷ್ಟು ತಿಕ್ಕಿದರೂ ಒಳಗೆ ಕಲ್ಲೇ ಇರುವುದು. ಗಾಡಿಯಲ್ಲಿ ನಾಲ್ವತ್ತು ಮೈಕ್ರಾನು ತಿಕ್ಕಿದರೆ ಒಳಗಿರುವುದು ಬೇರೆಯೇ.

ಈಗ ನಮ್ಮ ಮನೆಯ ಸಂಗತಿ.

೨೦೧೬ರ ವಿಜಯದಶಮಿಗೆ ನಮ್ಮ ಮಗನು ಹೈದರಾಬಾದಿನಿಂದ ಹೊಸ ಗಾಡಿಯನ್ನು ತಾನೇ ನಡೆಸಿಕೊಂಡು ಶಹಾಪುರಕ್ಕೆ ಬಂದನು. ನಮ್ಮ ವಂಶದಲ್ಲಿಯೇ ಮೊದಲನೆಯ ಮೋಟಾರು. ಕಡುನೀಲಿಯ ಬಣ್ಣ. ಐದು ವರ್ಷದ ಸಾಲ. ಅವನ ತಾಯಿ ಆರತಿ ಎತ್ತಿದಳು, ನೆರೆಹೊರೆಯವರು ಹತ್ತು ಹನ್ನೆರಡು ಮಂದಿ ನೆರೆದಿದ್ದರು. ನಾವು ಕನ್ನಡಕವನ್ನು ಏರಿಸಿಕೊಂಡು ಗಾಡಿಗೆ ಒಂದು ಪ್ರದಕ್ಷಿಣೆ ಬಂದೆವು. ಕೆಂಪು ಮಸಿಯ ಲೇಖನಿಯನ್ನು ಹಿಡಿದು ಉತ್ತರಪತ್ರಿಕೆಗಳನ್ನು ತಿದ್ದಿದ ಕಣ್ಣಿಗೆ ಸರಿಯಾದುದು ಬೇಗ ಕಾಣಿಸುವುದಿಲ್ಲ. ಬಾನೆಟ್ಟಿನಲ್ಲಿ ಶಹಾಪುರದ ಬೆಟ್ಟದ ನೆರಳು ಬಿದ್ದಿತ್ತು. ಬುದ್ಧನು ಮಲಗಿದಂತೆ ಕಾಣುವ ಆ ಬೆಟ್ಟದ ಗೆರೆಯು ಬಣ್ಣದಲ್ಲಿ ನಡುಗುತ್ತಿತ್ತು. ‘ಏನಪಾ ಇದು, ಸಂತ್ರಿ ಹಣ್ಣಿನ ಸಿಪ್ಪಿ ಇದ್ದಂಗ ಅದಲ್ಲ!’ ಎಂದುಬಿಟ್ಟೆವು. ನಾಲ್ಕು ಜನ ನಕ್ಕರು. ಮಗನು ಏನೂ ಅನ್ನಲಿಲ್ಲ. ಅವನ ತಾಯಿ ಒಳಗೆ ಬಂದಮೇಲೆ ‘ಕೂಸಿನ್ನ ಮನಿಗಿ ತಂದಾಗ ಮೂಗು ಸೊಟ್ಟ ಅದ ಅಂತ ಯಾರಾರ ಅಂತಾರೇನ್ರಿ?’ ಎಂದು ಕೇಳಿದಳು. ನಾವು ಅದಕ್ಕೆ ಉತ್ತರವಾಗಿ ಗುಣದೋಷ ವಿವೇಚನೆಯನ್ನು ಕುರಿತು ಏನನ್ನೋ ಹೇಳಿದೆವು. ಏನೆಂದು ಈಗ ನೆನಪಿಲ್ಲ.

ಹಬ್ಬದ ರಜೆ ಮುಗಿಯುವ ಮೊದಲೇ ಅವನು ಗಾಡಿಯನ್ನು ಒಂದು ಪಟ್ಟಣಕ್ಕೆ ಒಯ್ದು, ಎರಡು ದಿವಸ ಅಲ್ಲಿಯೇ ಇದ್ದು, ಉಜ್ಜಿಸಿಕೊಂಡು ತಂದನು. ಮನೆಯ ಮುಂದೆ ನಿಲ್ಲಿಸಿ ‘ನೋಡ್ರಿ ಅಪ್ಪಾ, ಈಗ ನಿಮ್ಮ ಮುಖ ಕಾಣಸ್ತದ’ ಎಂದನು. ಕಾಣಿಸಿತು. ಮೀಸೆಯ ಒಂದೊಂದು ಕೂದಲೂ ಎಣಿಸುವಂತೆ ಕಾಣಿಸಿತು. ನಮಗೆ ಬಹಳ ಸಂತೋಷವಾಯಿತು. ‘ಹೀಂಗ ಇರಬೇಕು ನೋಡು’ ಎಂದು ಬೆನ್ನು ತಟ್ಟಿದೆವು.

ನಿರ್ವರ್ಣ ಲೇಪದಲ್ಲಿ ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರಿ ತಡೆಯುವ ದ್ರವ್ಯಗಳನ್ನು ಸೇರಿಸಿರುವರೆಂಬುದು ನಮಗೆ ಆಗ ಗೊತ್ತಿರಲಿಲ್ಲ. ಲೇಪವು ಸವೆದಷ್ಟೂ ಆ ಕೊಡೆಯು ಚಿಕ್ಕದಾಗುವುದು. ಕುಳಿಯ ತಳದವರೆಗೆ ಸಮ ಮಾಡಬೇಕಾದರೆ ನಾಲ್ವತ್ತರಲ್ಲಿ ಎಂಟು ಹತ್ತು ಮೈಕ್ರಾನು ಸುಲಭವಾಗಿ ಹೋಗುವುದು. ಕೈ ಒರಟಾದರೆ ಇನ್ನೂ ಹೆಚ್ಚು. ಏಣುಗಳಲ್ಲಿಯೂ ಮಡಿಕೆಗಳಲ್ಲಿಯೂ ಬಣ್ಣವು ಮೊದಲೇ ತೆಳ್ಳಗಿರುವುದು, ಉಜ್ಜುವ ಒತ್ತಡವು ಅಲ್ಲಿಯೇ ಹೆಚ್ಚಾಗಿ ಬೀಳುವುದು. ಬೇಸಿಗೆಯಲ್ಲಿ ೪೦ ಡಿಗ್ರಿಯನ್ನು ದಾಟುವ ನಮ್ಮ ಯಾದಗಿರಿ ಸೀಮೆಯ ಬಿಸಿಲಿನ ವಿಷಯವನ್ನು ಇಲ್ಲಿಯವರಿಗೆ ಹೇಳಬೇಕಾದುದಿಲ್ಲ.

ನಾಲ್ಕನೆಯ ಬೇಸಿಗೆಯಲ್ಲಿ ಮಾಡಿನ ಮೇಲೆ ಚಿಬ್ಬು ಎದ್ದಂತೆ ಬಿಳಿಯ ಮಚ್ಚೆಗಳು ತೋರಿದುವು. ಮಳೆಗಾಲ ಕಳೆಯುವಷ್ಟರಲ್ಲಿ ಬಾನೆಟ್ಟಿನ ಅಂಚಿನಿಂದ ಹೊಳಪಿನ ಪೊರೆಯು ಹಾವಿನ ಪರೆಯಂತೆ ಏಳತೊಡಗಿತು. ಸಾಲದ ಕಂತು ಮುಗಿಯುವ ಮೊದಲೇ ಬಣ್ಣ ಮುಗಿಯಿತು. ತಿಳಿದವರೊಬ್ಬರು ದಪ್ಪವನ್ನು ಅಳೆಯುವ ಯಂತ್ರವನ್ನಿಟ್ಟು ನೋಡಿದರು: ಉಜ್ಜದೆ ಬಿಟ್ಟಿದ್ದ ಬಾಗಿಲ ಕೆಳಭಾಗದಲ್ಲಿ ೧೧೫, ಮಾಡಿನ ನಡುವೆ ೯೨, ಬಾನೆಟ್ಟಿನ ಏಣಿನ ಮೇಲೆ ೭೮. ಮತ್ತೆ ಬಣ್ಣ ಹೊಡೆಯಿಸಿದ್ದಾಯಿತು. ನೀಲಿಯು ನೀಲಿಗೆ ಕೂಡಲಿಲ್ಲ. ಅದಕ್ಕಿಂತ ವಿಚಿತ್ರವೆಂದರೆ ಹೊಸ ಬಣ್ಣದ ಮೇಲೆ ಮೊದಲಿಗಿಂತಲೂ ದಪ್ಪನಾದ ಸಿಪ್ಪೆಯೇ ಬಂದಿತು. ಗಾಡಿಯು ಈಗಲೂ ಓಡುತ್ತಿರುವುದು. ಹಬ್ಬಕ್ಕೆ ಬಂದಾಗಲೆಲ್ಲ ಮಗನು ಅದನ್ನು ಬಾನೆಟ್ಟು ಗೋಡೆಯ ಕಡೆಗೆ ಬರುವಂತೆ ಬೇವಿನ ಗಿಡದ ಕೆಳಗೆ ನಿಲ್ಲಿಸುವನು. ಬೇವಿನ ಗಿಡದ ಕೆಳಗೆ ಬೇಡವೆಂದು ನಾವು ಹೇಳುವುದುಂಟು, ಹಕ್ಕಿಗಳ ಹಿಕ್ಕೆ ಬೀಳುವುದೆಂದು. ಇನ್ನೊಂದು ಮಾತನ್ನು ಹೇಳಿಲ್ಲ. ಈ ಪತ್ರಿಕೆಯು ತಿಂಗಳು ತಿಂಗಳು ಅವನ ಮನೆಗೂ ಹೋಗುವುದು; ಅಲ್ಲಿ ಓದಿಕೊಳ್ಳಲಿ.

ಇನ್ನು ಪತ್ರ ಬರೆದವರಿಗೆ ಉತ್ತರ. ಮೊದಲು ಮೋಸದ ಶಂಕೆಯನ್ನು ಪರಿಹರಿಸಿಕೊಳ್ಳಿರಿ. ಒಂದೇ ಪಾರ್ಶ್ವದ ಮುಂದಿನ ಬಾಗಿಲು, ಹಿಂದಿನ ಬಾಗಿಲು ಇವುಗಳ ಸಿಪ್ಪೆಯನ್ನು ಒಂದರ ಪಕ್ಕದಲ್ಲೊಂದು ನೋಡಿರಿ. ಆಮೇಲೆ ಆ ಕಡೆಯ ಪಾರ್ಶ್ವದೊಡನೆ ಹೋಲಿಸಿರಿ. ಎಲ್ಲವೂ ಒಂದೇ ತೆರನಾಗಿದ್ದರೆ ಅದು ಕಾರ್ಖಾನೆಯದೆಂದು ತಿಳಿಯಬಹುದು. ಒಂದು ಬಾಗಿಲು ಮಾತ್ರ ಬೇರೆಯಾಗಿದ್ದರೆ, ರಬ್ಬರಿನ ಅಂಚಿನ ಮೇಲೆ ಬಣ್ಣದ ಧೂಳು ಕೂತಿದ್ದರೆ, ಬಣ್ಣ ಸೋರಿದ ಗುರುತಿದ್ದರೆ ಆಗ ಶಂಕೆಗೆ ಎಡೆಯುಂಟು. ದಪ್ಪ ಅಳೆಯುವ ಯಂತ್ರವು ಹಳೆಯ ಗಾಡಿಗಳನ್ನು ಕೊಂಡು ಮಾರುವವರ ಹತ್ತಿರ ಸಾಮಾನ್ಯವಾಗಿ ಇರುವುದು. ಮರ್ಯಾದೆಯಿಂದ ಕೇಳಿದರೆ ಇಟ್ಟು ತೋರಿಸುವರು. ಎಲ್ಲ ಕಡೆಗೂ ನೂರರ ಆಸುಪಾಸು ಬಂದು ಒಂದೆಡೆ ಮಾತ್ರ ಇನ್ನೂರು ದಾಟಿದರೆ ಅಲ್ಲಿ ಎರಡನೆಯ ಸಲ ಬಣ್ಣ ಬಿದ್ದಿರುವುದು. ಮುಂದಿನ, ಹಿಂದಿನ ಬಂಪರುಗಳು ಪ್ಲಾಸ್ಟಿಕ್ಕಿನವು. ಈ ಯಂತ್ರವು ಅವುಗಳ ಮೇಲೆ ನಡೆಯದು, ಅವುಗಳ ಬಣ್ಣವೂ ತುಸು ಬೇರೆಯಾಗಿ ಕಾಣುವುದುಂಟು. ಅದಕ್ಕಾಗಿ ಜಗಳ ಬೇಡ. ಮಾರಿದವರಲ್ಲಿಗೆ ಹೋಗಿ ಅದೇ ಮಾದರಿಯ, ಅದೇ ಬಣ್ಣದ ಇನ್ನೊಂದು ಗಾಡಿಯನ್ನು ಹಗಲ ಬೆಳಕಿನಲ್ಲಿ ನೋಡಿರಿ. ನಿಮ್ಮದು ಅದಕ್ಕಿಂತ ಸ್ಪಷ್ಟವಾಗಿ ಕೆಟ್ಟಿದ್ದರೆ ಛಾಯಾಚಿತ್ರಗಳೊಡನೆ ಬರಹದಲ್ಲಿ ದೂರು ಕೊಟ್ಟು, ದಿನಾಂಕದೊಡನೆ ಸ್ವೀಕೃತಿಯನ್ನು ಪಡೆಯಿರಿ. ಬಾಯಿಮಾತಿನ ದೂರಿಗೆ ಬೆಲೆಯಿಲ್ಲ.

ಪೇಟೆಯ ಬಣ್ಣಗಾರನಿಗೆ ಮುಂಗಡವನ್ನು ಕೊಡಬೇಡಿರಿ. ಅವನು ಕೆಟ್ಟವನೆಂದು ನಾವು ಹೇಳುವುದಿಲ್ಲ. ಕನ್ನಡಿ ಮಾಡಿಕೊಡುವೆನೆಂಬ ಮಾತನ್ನು ಅವನು ನಡೆಯಿಸಿಯೇ ನಡೆಯಿಸುವನು. ಕನ್ನಡಿಯ ಆಯುಷ್ಯವನ್ನು ಅವನನ್ನು ಯಾರೂ ಕೇಳುವುದಿಲ್ಲ. ಉಜ್ಜಿಸಿದ ಮೇಲೆ ಬಣ್ಣದ ವಾರಂಟಿಯು ನಿಲ್ಲುವುದೋ ಇಲ್ಲವೋ ಎಂಬುದನ್ನು ಗಾಡಿಯೊಡನೆ ಕೊಟ್ಟ ಪುಸ್ತಕದಲ್ಲಿ ಓದಿರಿ. ಇಷ್ಟಾದರೂ ಮನಸ್ಸು ನಿಲ್ಲದಿದ್ದರೆ, ಮೊದಲು ಅಳೆದು, ನಡುನಡುವೆ ಅಳೆದು, ಅತಿ ನಯವಾದ ಕಾಗದದಿಂದ ಅಲೆಗಳ ತುದಿಯನ್ನು ಮಾತ್ರ ಮುಟ್ಟಿ, ಏಣುಗಳನ್ನು ಬಿಟ್ಟು ಕೆಲಸ ಮಾಡುವ ನುರಿತವನನ್ನು ಹುಡುಕಿರಿ. ಮೀಟರಿಲ್ಲದೆ ಕಾಗದ ಹಿಡಿಯುವವನು ಗಾಡಿಯನ್ನು ಮುಟ್ಟತಕ್ಕದ್ದಲ್ಲ. ಮೇಣವನ್ನಾಗಲಿ ಸಾವಿರಾರು ರೂಪಾಯಿಯ ಸೆರಾಮಿಕ್ ಕೋಟಿಂಗನ್ನಾಗಲಿ ಬಳಿದರೆ ಸಿಪ್ಪೆ ಮುಚ್ಚೀತೆಂದು ಕೆಲವರು ಆಸೆ ತೋರಿಸುವರು. ಅದರ ದಪ್ಪ ಒಂದೆರಡು ಮೈಕ್ರಾನು ಮಾತ್ರ, ಕುಳಿ ತುಂಬುವುದಿಲ್ಲ. ಹೊಳಪು ಹೆಚ್ಚಿ ಸಿಪ್ಪೆಯು ಇನ್ನೂ ಚೆನ್ನಾಗಿ ಕಂಡೀತು.

ಬಣ್ಣವನ್ನು ಕೆಡಿಸುವ ಬೇರೆ ಸಂಗತಿಗಳು ನಮ್ಮ ಮನೆಗಳಲ್ಲಿ ಬೇಕಾದಷ್ಟಿವೆ. ಪೂಜೆಯ ದಿನ ಬಾನೆಟ್ಟಿನ ಮೇಲೆ ಎಣ್ಣೆಯಲ್ಲಿ ಕಲಸಿದ ಸಿಂಧೂರದಿಂದ ಸ್ವಸ್ತಿಕವನ್ನು ಬರೆದು ವಾರಗಟ್ಟಲೆ ಬಿಡುವರು. ಅರಿಷಿಣದ ಕಲೆಯು ಬಿಳಿಯ ಗಾಡಿಯಲ್ಲಿ ಉಳಿದುಹೋಗುವುದುಂಟು. ಅಂದೇ ಸಂಜೆ ಒದ್ದೆಯ ಬಟ್ಟೆಯಿಂದ ಒರೆಸಿದರೆ ದೇವರು ಮುನಿಯುವುದಿಲ್ಲ. ಹತ್ತಿಯ ಹೊಲದ ಧೂಳನ್ನು ಒಣಬಟ್ಟೆಯಿಂದ ಒರೆಸಿದರೆ ಗೆರೆ ಬೀಳುವುದು, ಮೊದಲು ನೀರು ಸುರಿಯಬೇಕು. ಕೊಳವೆಬಾವಿಯ ಗಡಸು ನೀರಿನಿಂದ ಮಟಮಟ ಮಧ್ಯಾಹ್ನದಲ್ಲಿ ತೊಳೆದರೆ ಹನಿಯೊಣಗಿ ಬಿಳಿಯ ಚುಕ್ಕೆಗಳಾಗುವುವು. ಬೆಳಗಿನಲ್ಲಿ ನೆರಳಿನಲ್ಲಿ ತೊಳೆದು ಕೂಡಲೆ ಒರೆಸತಕ್ಕದ್ದು. ಹಕ್ಕಿಯ ಹಿಕ್ಕೆಯನ್ನು ಅಂದಂದೇ ನೆನೆಸಿ ತೆಗೆಯಬೇಕು. ಬಣ್ಣಗಾರನಿಗೆಂದು ತೆಗೆದಿಟ್ಟ ಹಣದಲ್ಲಿ ಮನೆಯ ಮುಂದೆ ತಗಡಿನ ಚಪ್ಪರವನ್ನು ಹಾಕಿಸಿರಿ. ಸಿಪ್ಪೆ ಇದ್ದ ಹಾಗೆಯೇ ಇರಲಿ.

ಯಂತ್ರದಲ್ಲಿ ಬಂದ ಅಂಕಗಳನ್ನು ಬಾಗಿಲು, ಮಾಡು, ಬಾನೆಟ್ಟು ಎಂದು ಬೇರೆ ಬೇರೆಯಾಗಿ ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ನಮ್ಮ ಅಭಿಪ್ರಾಯವನ್ನು ತಿಳಿಸುವೆವು. ಅಲ್ಲಿಯವರೆಗೆ ರಾತ್ರಿಯ ಹೊತ್ತು ಟ್ಯೂಬ್ ಲೈಟನ್ನು ಆರಿಸಿಬಿಡಿರಿ.